ಗಣಕಯಂತ್ರದ ಓನಾಮ

ಈಚೆಗೆ ವಿದ್ಯಾವಂತರ ಮನೆಗಳಲ್ಲಿ ಒಂದು ಮಾತು ಮೇಲಿಂದಮೇಲೆ ಕೇಳಬರುತ್ತಿದೆ. ಕಂಪ್ಯೂಟರಿನ ವಿದ್ಯೆಯನ್ನು ಕಲಿಯಹೊರಟ ಮಗನೋ ಮಗಳೋ ಅಸೆಂಬ್ಲಿ ಭಾಷೆಯ ಪುಸ್ತಕವೊಂದನ್ನು ಕೈಗೆತ್ತಿಕೊಂಡರೆ, ಅದೇ ದಾರಿಯಲ್ಲಿ ನಾಲ್ಕು ಹೆಜ್ಜೆ ಮುಂದೆ ನಡೆದಿರುವ ನೆಂಟನೊಬ್ಬನು, "ಈ ಹಳೆಯ ಕಂತೆ ಏತಕ್ಕೆ? ಇದನ್ನು ಈಗ ಯಾರೂ ಬರೆಯುವುದಿಲ್ಲ, ಕೆಲಸ ಕೊಡುವವರು ಕೇಳುವುದೂ ಇಲ್ಲ" ಎಂದು ನಗುತ್ತಾನೆ. ಮನೆಯ ಹಿರಿಯರಿಗೆ ಅದು ತಿಳಿಯದ ವಿಷಯ. ತಿಳಿದವನ ನಗೆಗೆ ಅವರು ತಲೆದೂಗುತ್ತಾರೆ. ಪುಸ್ತಕವು ಅಟ್ಟವನ್ನು ಸೇರುತ್ತದೆ. ಬೇಕಾದುದನ್ನು ಮಾತಿನಲ್ಲಿ ಹೇಳಿದರೆ ಸಾಕು, ಯಂತ್ರವೇ ಪ್ರೋಗ್ರಾಮನ್ನು ಬರೆದು ಮುಂದಿಡುವ ಈ ಕಾಲದಲ್ಲಂತೂ ಆ ನಗೆಗೆ ಹೊಸ ಬಲ ಬಂದಿದೆ.

ಈ ನಗೆ ಅವಿವೇಕದ್ದು. ಆದರೆ ಅದನ್ನು ಹುಟ್ಟಿಸಿದ ತಪ್ಪು ನಗುವವರದಕ್ಕಿಂತ ಕಲಿಸುವವರದೇ ಹೆಚ್ಚೆಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಆ ಮಾತು ಮುಂದೆ ಬರುತ್ತದೆ.

"ಯಾರೂ ಬರೆಯುವುದಿಲ್ಲ" ಎಂಬುದು ಬಹುಮಟ್ಟಿಗೆ ನಿಜ. ಮಾಯಾಮಾಳವಗೌಳದ ಸರಳೆ ವರಸೆಯನ್ನೂ ಕಚೇರಿಯಲ್ಲಿ ಯಾರೂ ಹಾಡುವುದಿಲ್ಲ. ಹಾಗೆಂದು ಅದನ್ನು ಬಿಟ್ಟು ನೇರವಾಗಿ ಕೃತಿಗೆ ಕೈಹಾಕಿಸುವ ಸಂಗೀತದ ಮೇಷ್ಟರನ್ನು ಯಾವ ತಾಯಿತಂದೆಗಳೂ ಮನೆಗೆ ಕರೆಯಲಾರರು. ಕಲಿಕೆಯ ಮೊದಲಲ್ಲಿ ಬರುವ ವಸ್ತುವನ್ನು ಕಲಿತಮೇಲೆ ಮಾಡುವ ಉದ್ಯೋಗದಿಂದ ಅಳೆಯುವುದು ಈ ನಗೆಯ ಮೊದಲನೆಯ ದೋಷ. ಎರಡನೆಯ ದೋಷ ಇನ್ನೂ ದೊಡ್ಡದು: ಅಸೆಂಬ್ಲಿ ಭಾಷೆಯೆಂದರೆ ಏನೆಂಬುದನ್ನೇ ನಗುವವರಲ್ಲಿ ಹಲವರು ತಿಳಿದಿಲ್ಲ.

ಕಂಪ್ಯೂಟರಿನ ಒಡಲೊಳಗಿನ ಪ್ರೊಸೆಸರಿಗೆ ತಿಳಿಯುವುದು ಅಂಕೆಗಳು ಮಾತ್ರ. ಯಾವ ಅಂಕೆಗೆ ಯಾವ ಕೆಲಸವೆಂಬುದನ್ನು ಅದನ್ನು ಕಟ್ಟಿದವರು ಗೊತ್ತುಮಾಡಿರುತ್ತಾರೆ. ಅಷ್ಟು ಅಂಕೆಗಳನ್ನು ಮನುಷ್ಯನು ನೆನಪಿಟ್ಟುಕೊಳ್ಳಲಾರನಾದುದರಿಂದ ಒಂದೊಂದು ಕೆಲಸಕ್ಕೂ ಒಂದು ಚಿಕ್ಕ ಹೆಸರನ್ನು ಇಟ್ಟಿದ್ದಾರೆ. ಆ ಹೆಸರುಗಳಲ್ಲಿ ಆಜ್ಞೆಗಳನ್ನು ಬರೆಯುವುದೇ ಅಸೆಂಬ್ಲಿ ಭಾಷೆ. ಹೆಸರನ್ನು ಓದಿ ಅದರ ಅಂಕೆಯನ್ನು ಬರೆದಿಡುವ ಗುಮಾಸ್ತೆಯೇ ಅಸೆಂಬ್ಲರು. ಇದರಲ್ಲಿ ಇದಕ್ಕಿಂತ ಹೆಚ್ಚಿನ ಗುಟ್ಟೇನೂ ಇಲ್ಲ.

ಭಾರತದ ಕಾಲೇಜುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಇಂಟೆಲ್ ಸಂಸ್ಥೆಯ 8085 ಎಂಬ ಪ್ರೊಸೆಸರನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಅದು ಹೊರಬಂದದ್ದು 1976 ರಲ್ಲಿ. ಅದರೊಳಗೆ ಎ, ಬಿ, ಸಿ, ಡಿ, ಇ, ಎಚ್, ಎಲ್ ಎಂಬ ಏಳು ಪುಟ್ಟ ಡಬ್ಬಿಗಳಿವೆ. ಇವುಗಳಿಗೆ ರಿಜಿಸ್ಟರುಗಳೆಂದು ಹೆಸರು. ಒಂದೊಂದರಲ್ಲಿಯೂ 0 ಯಿಂದ 255 ರವರೆಗಿನ ಒಂದು ಸಂಖ್ಯೆ ಹಿಡಿಯುತ್ತದೆ. ಹೊರಗೆ 65,536 ಕೋಣೆಗಳ ಸ್ಮರಣೆ. ಐದನ್ನೂ ಮೂರನ್ನೂ ಕೂಡಿಸಬೇಕಾದರೆ ಕೊಡತಕ್ಕ ಆಜ್ಞೆಗಳು ನಾಲ್ಕು: ಎ ಡಬ್ಬಿಯಲ್ಲಿ 5 ತುಂಬು, ಬಿ ಡಬ್ಬಿಯಲ್ಲಿ 3 ತುಂಬು, ಬಿಯಲ್ಲಿರುವುದನ್ನು ಎಗೆ ಕೂಡು, ನಿಲ್ಲು. ಸ್ಮರಣೆಯ ಆರು ಕೋಣೆಗಳಲ್ಲಿ ಇವು ಹೋಗಿ ಕುಳಿತಾಗ, ಸಾಮಾನ್ಯ ಎಣಿಕೆಯಲ್ಲಿ ಬರೆದರೆ, 62, 5, 6, 3, 128, 118 ಎಂದಾಗುತ್ತವೆ. 62 ಎಂದರೆ "ಎಯಲ್ಲಿ ತುಂಬು". 6 ಎಂದರೆ "ಬಿಯಲ್ಲಿ ತುಂಬು". 128 ಎಂದರೆ ಕೂಡು. 118 ಎಂದರೆ ನಿಲ್ಲು.

ಈ ಆರು ಅಂಕೆಗಳ ಮುಂದೆ ಬುದ್ಧಿವಂತನಾದ ಹುಡುಗನೊಬ್ಬನು ಒಂದು ಗಳಿಗೆ ನಿಂತು ನೋಡಿದರೆ ಅವನಿಗೆ ಹೊಳೆಯುವ ಸಂಗತಿಯನ್ನು ಮತ್ತಾವ ಭಾಷೆಯೂ ಇಷ್ಟು ಬೇಗ ತೋರಿಸಲಾರದು. ಎರಡನೆಯ ಕೋಣೆಯ 5 ಇಲ್ಲಿ ಒಂದು ಪರಿಮಾಣ. ಆದರೆ ಅದೇ 5 ಆಜ್ಞೆಯ ಜಾಗದಲ್ಲಿ ಬಿದ್ದರೆ, ಈ ಯಂತ್ರದ ನಿಘಂಟಿನಲ್ಲಿ ಅದರ ಅರ್ಥ "ಬಿಯಲ್ಲಿ ಒಂದನ್ನು ಕಳೆ" ಎಂದು. ಯಂತ್ರವನ್ನು ಮೊದಲನೆಯ ಕೋಣೆಯಿಂದ ಹೊರಡಿಸುವ ಬದಲು ಕೈತಪ್ಪಿ ಎರಡನೆಯದರಿಂದ ಹೊರಡಿಸಿದರೆ ಅದು ಗೊಣಗುವುದಿಲ್ಲ, ತಪ್ಪೆಂದು ಕೂಗುವುದಿಲ್ಲ. ಬಿಯಲ್ಲಿ ಒಂದನ್ನು ಕಳೆದು, ಆಮೇಲೆ ಬಿಯಲ್ಲಿ 3 ತುಂಬಿ, ಎಯಲ್ಲಿ ಮೊದಲೇ ಏನಿತ್ತೋ ಅದಕ್ಕೆ ಆ ಮೂರನ್ನು ಕೂಡಿ, ವಿಧೇಯತೆಯಿಂದ ನಿಲ್ಲುತ್ತದೆ. ಆಜ್ಞೆಗೂ ಪರಿಮಾಣಕ್ಕೂ ಮೈಬಣ್ಣದಲ್ಲಿ ಭೇದವಿಲ್ಲ. ಭೇದವೆಲ್ಲ ಕುಳಿತ ಜಾಗದಿಂದ ಬಂದದ್ದು.

ಇದು ಬರಿಯ ಕುತೂಹಲದ ವಿಷಯವೆಂದು ತಳ್ಳಿಹಾಕಲಾಗದು. 1988 ರ ನವೆಂಬರ್ 2 ರಂದು ಅಮೆರಿಕದ ವಿದ್ಯಾರ್ಥಿಯೊಬ್ಬನು ಹರಿಯಬಿಟ್ಟ ಒಂದು ಚಿಕ್ಕ ಪ್ರೋಗ್ರಾಮು ಅಂದಿನ ಇಂಟರ್‌ನೆಟ್ಟಿನ ಸಾವಿರಾರು ಕಂಪ್ಯೂಟರುಗಳನ್ನು ಸ್ತಬ್ಧಗೊಳಿಸಿತು. ಅದು ಒಳಹೊಕ್ಕ ದಾರಿಗಳಲ್ಲಿ ಒಂದು ಈ ಬಾಗಿಲೇ. 512 ಕೋಣೆಗಳನ್ನು ಮೀಸಲಿಟ್ಟಿದ್ದ ಜಾಗಕ್ಕೆ 536 ಅಕ್ಷರಗಳನ್ನು ಕಳುಹಿಸಲಾಯಿತು. ಎಷ್ಟು ಬಂದಿತೆಂದು ಯಾರೂ ಎಣಿಸಲಿಲ್ಲ. ಉಕ್ಕಿ ಹರಿದ ಅಕ್ಷರಗಳು ಪಕ್ಕದ ಕೋಣೆಗಳನ್ನು ತುಳಿದು, ಮುಂದೆ ಎಲ್ಲಿಗೆ ಹೋಗಬೇಕೆಂದು ಯಂತ್ರವು ಗುರುತು ಹಾಕಿಕೊಂಡಿದ್ದ ಕೋಣೆಯನ್ನೇ ಬದಲಾಯಿಸಿದವು. ಪರಿಮಾಣವೆಂದು ಬಂದದ್ದು ಆಜ್ಞೆಯಾಗಿ ಎದ್ದು ನಿಂತಿತು. ಇದೇ ಜಾತಿಯ ಕನ್ನಗಳು ಇಂದಿಗೂ ನಿಂತಿಲ್ಲ. ಆರು ಅಂಕೆಗಳ ಪಾಠವನ್ನು ಕೈಯಾರೆ ಮಾಡಿದವನಿಗೆ ಇದನ್ನು ವಿವರಿಸಲು ಐದು ನಿಮಿಷ ಸಾಕು. ಮಾಡದವನಿಗೆ ಅದೊಂದು ಮಾಟದ ಕಥೆಯಾಗಿಯೇ ಉಳಿಯುತ್ತದೆ.

ಡಬ್ಬಿಯ ಅಳತೆಯ ವಿಷಯವೂ ಹೀಗೆಯೇ. ಎಯಲ್ಲಿ 250 ಇದ್ದು ಅದಕ್ಕೆ 10 ಕೂಡಿದರೆ 260 ಆಗಬೇಕಷ್ಟೆ. ಡಬ್ಬಿಯಲ್ಲಿ ಹಿಡಿಯುವುದು 255 ರವರೆಗೆ. ಆದಕಾರಣ ಉಳಿಯುವುದು 4. ಸ್ಲೇಟಿನ ಮೇಲೆ ಲೆಕ್ಕ ಮಾಡುವ ಮಗು "ಕೈಯಲ್ಲಿ ಒಂದು" ಎನ್ನುವುದಲ್ಲವೆ? ಯಂತ್ರವೂ ಆ ಒಂದನ್ನು ಕ್ಯಾರಿ ಎಂಬ ಪುಟ್ಟ ಬಾವುಟದಲ್ಲಿ ಎತ್ತಿಹಿಡಿಯುತ್ತದೆ. ಆ ಬಾವುಟವನ್ನು ನೋಡಬೇಕಾದ ಹೊಣೆ ಮಾತ್ರ ಪ್ರೋಗ್ರಾಮು ಬರೆದವನದು. ಅವನು ನೋಡದಿದ್ದರೆ 250 ಕ್ಕೆ 10 ಕೂಡಿಸಿ 4 ಎಂಬ ಉತ್ತರದೊಡನೆ ಲೆಕ್ಕವು ಮುಂದೆ ಸಾಗುತ್ತದೆ. 200 ಎಂದು ಬರೆದಿಟ್ಟ ಡಬ್ಬಿಯನ್ನು ಋಣಸಂಖ್ಯೆಗಳ ಪದ್ಧತಿಯಲ್ಲಿ ಓದಿದವನಿಗೆ ಅದು 56 ರ ಸಾಲವಾಗಿ ಕಾಣುತ್ತದೆ. ಡಬ್ಬಿಯೊಳಗಿನದು ಬದಲಾಗಿಲ್ಲ, ಓದುವ ಕಣ್ಣು ಬದಲಾಯಿತು.

"ಮೇಲ್ಮಟ್ಟದ ಭಾಷೆಗಳಲ್ಲಿ ಬರೆಯುವವನಿಗೆ ಈ ತಾಪತ್ರಯವೇಕೆ?" ಎಂದು ಕೇಳುವವರು 1996 ರ ಜೂನ್ 4 ನ್ನು ನೆನೆಯಬೇಕು. ಅಂದು ಫ್ರೆಂಚ್ ಗಯಾನಾದಿಂದ ಮೇಲೇರಿದ ಏರಿಯೇನ್ 5 ಎಂಬ ರಾಕೆಟ್ಟು ಹೊತ್ತಿಕೊಂಡ ಸುಮಾರು 37 ಸೆಕೆಂಡುಗಳಲ್ಲಿ ದಾರಿತಪ್ಪಿ ನುಚ್ಚುನೂರಾಯಿತು. 64 ಬಿಟ್ಟುಗಳ ಒಂದು ಸಂಖ್ಯೆಯನ್ನು 16 ಬಿಟ್ಟುಗಳ ಜಾಗಕ್ಕೆ ತುರುಕಲು ಯಂತ್ರಕ್ಕೆ ಹೇಳಲಾಗಿತ್ತು. ಆ ಜಾಗದಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 32,767. ಬಂದದ್ದು ಅದಕ್ಕೂ ದೊಡ್ಡದು. ಆ ಪ್ರೋಗ್ರಾಮು ಅಸೆಂಬ್ಲಿಯದಲ್ಲ, ಏಡಾ ಎಂಬ ಮೇಲ್ಮಟ್ಟದ ಭಾಷೆಯದು. ಎಚ್ಚರಿಕೆಗೆ ಹೆಸರಾದ ಭಾಷೆ. ಬರೆದವರು ಅಜ್ಞರೂ ಅಲ್ಲ. ಹಿಂದಿನ ಏರಿಯೇನ್ 4 ರಲ್ಲಿ ಆ ಸಂಖ್ಯೆ ಅಷ್ಟು ಬೆಳೆಯುತ್ತಿರಲಿಲ್ಲವಾದುದರಿಂದ, ಯಂತ್ರದ ದುಡಿಮೆ ಉಳಿಯಲೆಂದು, ಅಲ್ಲಿ ಕಾವಲನ್ನು ಬಿಟ್ಟಿದ್ದರು. ಹೊಸ ರಾಕೆಟ್ಟಿಗೆ ಹಳೆಯ ಪ್ರೋಗ್ರಾಮನ್ನು ಹೊಂದಿಸಿದಾಗ ಡಬ್ಬಿಯ ಅಳತೆಯನ್ನು ಯಾರೂ ಮತ್ತೆ ತೆಗೆದು ನೋಡಲಿಲ್ಲ. ಭಾಷೆ ಎಷ್ಟು ಮೇಲೆ ಹೋದರೂ ಡಬ್ಬಿ ಕೆಳಗೆ ಇದ್ದೇ ಇರುತ್ತದೆ.

ಇನ್ನು ಕಂಪೈಲರಿನ ಆಕ್ಷೇಪ. ಮನುಷ್ಯನಿಗಿಂತ ಕಂಪೈಲರೇ ಚೆನ್ನಾಗಿ ಯಂತ್ರಭಾಷೆಯನ್ನು ಬರೆಯುವಾಗ ಮನುಷ್ಯನು ಏಕೆ ಬರೆಯಬೇಕೆಂಬುದು ಅದರ ತಿರುಳು. ಇದನ್ನು ಒಪ್ಪತಕ್ಕದ್ದೇ. 1957 ರಲ್ಲಿ ಜಾನ್ ಬ್ಯಾಕಸ್ ಮತ್ತು ಅವರ ಸಂಗಡಿಗರು ಐಬಿಎಂ ಸಂಸ್ಥೆಯಲ್ಲಿ ಫೋರ್ಟ್ರಾನ್ ಭಾಷೆಯನ್ನು ಹೊರತಂದಾಗಲೇ ಕೈಬರಹದ ಅಸೆಂಬ್ಲಿಗೆ ಸರಿಗಟ್ಟುವುದು ಅವರ ಗುರಿಯಾಗಿತ್ತು. ಇಂದಿನ ಕಂಪೈಲರು ಅನೇಕ ವೇಳೆ ಕೈಬರಹವನ್ನು ಮೀರಿಸುತ್ತದೆ. ಆದರೆ ಬರೆಯಬೇಕಾಗಿಲ್ಲವೆಂದಮಾತ್ರಕ್ಕೆ ಓದಬೇಕಾಗಿಲ್ಲವೆಂದು ಹೇಗಾದೀತು? ಒಂದು ಸಂಖ್ಯೆಯನ್ನು 10 ರಿಂದ ಭಾಗಿಸೆಂದು ಸಿ ಭಾಷೆಯಲ್ಲಿ ಬರೆದು, ಕಂಪೈಲರು ಅದನ್ನು ಅಸೆಂಬ್ಲಿಗೆ ಇಳಿಸಿರುವುದನ್ನು ತೆರೆದು ನೋಡಿದರೆ, ಅಲ್ಲಿ ಸಾಮಾನ್ಯವಾಗಿ ಭಾಗಾಕಾರವೇ ಇರುವುದಿಲ್ಲ! 32 ಬಿಟ್ಟುಗಳ ಧನಸಂಖ್ಯೆಯಾದರೆ ಅದನ್ನು 3,43,59,73,837 ರಿಂದ ಗುಣಿಸಿ, ಬಂದ ಲಬ್ಧದ ಕೆಳಗಿನ 35 ಬಿಟ್ಟುಗಳನ್ನು ಬಿಸಾಡಿರುತ್ತದೆ. ಎರಡರ 35ನೆಯ ಘಾತವನ್ನು ಹತ್ತರಿಂದ ಭಾಗಿಸಿ, ಬಂದ ಭಿನ್ನವನ್ನು ಮೇಲಣ ಪೂರ್ಣಾಂಕಕ್ಕೆ ಏರಿಸಿದರೆ ಆ ವಿಚಿತ್ರ ಸಂಖ್ಯೆ ಸಿಕ್ಕುತ್ತದೆ. ಭಾಗಿಸುವುದಕ್ಕಿಂತ ಗುಣಿಸುವುದು ಯಂತ್ರಕ್ಕೆ ಅಗ್ಗ. ಲೆಕ್ಕದಲ್ಲಿ ರುಚಿಯುಳ್ಳ ಹುಡುಗಿಯೊಬ್ಬಳು ಇದನ್ನು ಒಮ್ಮೆ ಬಿಡಿಸಿ ನೋಡಿದರೆ ಆ ದಿನ ಅವಳನ್ನು ಊಟಕ್ಕೆ ಎಬ್ಬಿಸುವುದು ಕಷ್ಟ. ಇಂಥ ಸಂತೋಷವನ್ನು "ಕಂಪೈಲರು ನೋಡಿಕೊಳ್ಳುತ್ತದೆ" ಎಂಬ ಒಂದು ಮಾತಿನಿಂದ ಅವಳ ಕೈಯಿಂದ ಕಿತ್ತುಕೊಳ್ಳುವ ಅಧಿಕಾರ ಯಾರಿಗೂ ಇಲ್ಲ.

ಯಂತ್ರವೇ ಪ್ರೋಗ್ರಾಮು ಬರೆಯುವ ಈಗಿನ ಸ್ಥಿತಿಯಂತೂ ಆಕ್ಷೇಪಕರ ಕಡೆಗಿಂತ ಎದುರು ಕಡೆಗೇ ಹೆಚ್ಚು ಸಾಕ್ಷಿ ನುಡಿಯುತ್ತದೆ. ಬರೆಯುವ ಶ್ರಮ ಕಡಮೆಯಾದಷ್ಟೂ, ಬರೆದದ್ದು ಸರಿಯೋ ತಪ್ಪೋ ಎಂದು ತೀರ್ಮಾನಿಸುವ ಹೊಣೆ ಮನುಷ್ಯನ ಪಾಲಿಗೆ ಉಳಿಯುತ್ತದೆ. ಗುಮಾಸ್ತೆ ಬರೆದ ಖಾತೆಯ ಪುಸ್ತಕಕ್ಕೆ ರುಜು ಹಾಕುವ ಯಜಮಾನನಿಗೆ ಕೂಡುವುದು ಕಳೆಯುವುದು ತಿಳಿಯದಿದ್ದರೆ ಆ ಮನೆ ಎಷ್ಟು ದಿನ ನಡೆದೀತು?

ಇಷ್ಟಾದಮೇಲೆ ಕಲಿಸುವವರ ಕಡೆಗೆ ತಿರುಗಬೇಕು. ಅನೇಕ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಈ ವಿಷಯಕ್ಕೆ ನಡೆದಿರುವ ಅಪಚಾರವನ್ನು ಅಲ್ಲಿ ಓದಿ ಬಂದವರೆಲ್ಲ ಬಲ್ಲರು. ಪ್ರಯೋಗಶಾಲೆಯಲ್ಲಿ ಒಂದು ಹಲಗೆ. ಅದರ ಮೇಲೆ ಕೆಲವು ಕೀಲಿಗಳು, ಆರು ಅಂಕೆಗಳನ್ನು ತೋರಿಸುವ ಕೆಂಪು ದೀಪ. ವಿದ್ಯಾರ್ಥಿಯು ಹಿರಿಯ ತರಗತಿಯವನ ರೆಕಾರ್ಡ್ ಪುಸ್ತಕದಿಂದ ಅಂಕೆಗಳನ್ನು ಇಳಿಸಿಕೊಂಡು ಬರುತ್ತಾನೆ; ಒಂದೊಂದಾಗಿ ಒತ್ತುತ್ತಾನೆ; ಕೊನೆಯಲ್ಲಿ 08 ಎಂದು ದೀಪ ಬೆಳಗುತ್ತದೆ; ಮೇಷ್ಟರು ರುಜು ಹಾಕುತ್ತಾರೆ. ಒಂದು ಅಂಕೆಯನ್ನು ತಪ್ಪಾಗಿ ಒತ್ತಿದ್ದರೆ ಏನಾಗುತ್ತಿತ್ತೆಂದು ಕೇಳುವವರಿಲ್ಲ. ತಪ್ಪಿದವನಿಗೆ ಅಂಕ ಹೋಗುವುದರಿಂದ ತಪ್ಪುವ ಧೈರ್ಯವೂ ಯಾರಿಗೂ ಇಲ್ಲ. ಪರೀಕ್ಷೆಯ ಕಾಗದದಲ್ಲಿ ಬರುವ ಪ್ರಶ್ನೆಯಾದರೋ, ಆ ಪ್ರೊಸೆಸರಿನ 40 ಕಾಲುಗಳ ಹೆಸರುಗಳನ್ನು ಚಿತ್ರಸಹಿತ ಬರೆಯಿರಿ ಎಂದು! 8085 ರಲ್ಲಿ ಆಜ್ಞೆಯಾಗಿ ನಿಲ್ಲುವ ಅಂಕೆಗಳು 246. ಅವುಗಳಲ್ಲಿ ಹತ್ತು ಹನ್ನೆರಡರಿಂದಲೇ ಮೇಲೆ ಹೇಳಿದುದೆಲ್ಲವನ್ನೂ ಕಲಿಸಬಹುದು. ಹಾಗೆ ಮಾಡದೆ ಪಟ್ಟಿಯನ್ನೆಲ್ಲ ಉರುಹೊಡೆಸುವುದು, ಕೂಲಿಮಠದಲ್ಲಿ ಅರ್ಥ ಹೇಳದೆ ಅಮರವನ್ನು ಬಾಯಿಪಾಠ ಮಾಡಿಸಿದಂತೆ. ಕೂಲಿಮಠದ ಅಯ್ಯನವರಾದರೂ ಬಾಲಕನ ಧ್ವನಿಯನ್ನು ತಿದ್ದುತ್ತಿದ್ದರು. ಇಲ್ಲಿ ಅದೂ ಇಲ್ಲ. ಇಂಥ ಪಾಠವನ್ನು ದಾಟಿ ಬಂದವನು ಮುಂದೆ ಯಾರದೋ ಮನೆಯಲ್ಲಿ ಕುಳಿತು "ಹಳೆಯ ಕಂತೆ" ಎಂದು ನಕ್ಕರೆ ಅವನನ್ನು ಪೂರ್ತಿ ದೂರಲಾದೀತೆ?

ಯಾವ ಯಂತ್ರದಿಂದ ಮೊದಲು ಮಾಡಬೇಕೆಂಬ ಜಗಳವೊಂದು ಮೇಷ್ಟರುಗಳಲ್ಲಿ ಉಂಟು. 1976 ರ ಯಂತ್ರವನ್ನು ಇನ್ನೂ ಕಲಿಸುವುದು ನಾಚಿಕೆಗೇಡೆಂದು ಒಂದು ಪಕ್ಷ. ಹಳೆಯದಾಗಿರುವುದು ದೋಷವಲ್ಲ, ದೊಡ್ಡದಾಗಿರುವುದು ದೋಷ. ಮೊದಲ ಪಾಠದ ಯಂತ್ರವು ಹುಡುಗನ ತಲೆಯಲ್ಲಿ ಪೂರ್ತಿಯಾಗಿ ಹಿಡಿಯುವಷ್ಟು ಚಿಕ್ಕದಾಗಿದ್ದರೆ ಸಾಕು. ಡೊನಾಲ್ಡ್ ಕ್ನೂತ್ ಅವರು 1968 ರಲ್ಲಿ ತಮ್ಮ ಮಹಾಗ್ರಂಥದ ಮೊದಲ ಸಂಪುಟವನ್ನು ಪ್ರಕಟಿಸಿದಾಗ, ಎಲ್ಲಿಯೂ ಇಲ್ಲದ ಮಿಕ್ಸ್ ಎಂಬ ಯಂತ್ರವನ್ನು ತಾವೇ ಕಲ್ಪಿಸಿ ಅದರ ಅಸೆಂಬ್ಲಿಯಲ್ಲಿ ಪಾಠ ಹೇಳಿದರು. ಹೊಸದೇ ಬೇಕೆನ್ನುವವರಿಗೆ 2010 ರಲ್ಲಿ ಬರ್ಕ್ಲಿಯಲ್ಲಿ ಹುಟ್ಟಿದ ರಿಸ್ಕ್-ಫೈವ್ ಇದೆ: ಅದರ ಮೂಲ ಆಜ್ಞೆಗಳು ಸುಮಾರು 40, ಬಳಸುವವರು ಯಾರಿಗೂ ಕಪ್ಪ ಕೊಡಬೇಕಾಗಿಲ್ಲ, ಮದ್ರಾಸಿನ ಐಐಟಿಯವರು ಶಕ್ತಿ ಎಂಬ ಪ್ರೊಸೆಸರುಗಳನ್ನು ಕಟ್ಟಿದ್ದು ಈ ತಳಹದಿಯ ಮೇಲೆಯೇ. ಎರಡರಲ್ಲಿ ಯಾವುದಾದರೂ ಆಗಬಹುದು. ಮೇಜಿನ ಮೇಲಿನ ಕಂಪ್ಯೂಟರುಗಳಲ್ಲಿ ಬಹುಕಾಲದಿಂದ ನೆಲೆಸಿರುವ ಎಕ್ಸ್86 ಕುಲವನ್ನು ಮಾತ್ರ ಮೊದಲ ದಿನವೇ ಹುಡುಗರ ಮೇಲೆ ಹೇರಬಾರದು. ನಾಲ್ಕು ತಲೆಮಾರುಗಳ ಜನ ಒಂದೊಂದು ಕೋಣೆಯನ್ನು ಸೇರಿಸುತ್ತ ಬಂದ ಹಳೆಯ ತೊಟ್ಟಿಯ ಮನೆಯಂತೆ ಅದು ಹೊಸಬನನ್ನು ದಾರಿತಪ್ಪಿಸುತ್ತದೆ.

ಕನ್ನಡದ ಪಾಲಿಗೆ ಈ ವಿಷಯದಲ್ಲಿ ಒಂದು ವಿಶೇಷವಿದೆ. ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಓದಿ ಬಂದ ಹುಡುಗಿಗೆ ಕಂಪ್ಯೂಟರಿನ ವಿದ್ಯೆಯೆಂದರೆ ಇಂಗ್ಲಿಷಿನ ವಿದ್ಯೆಯೆಂಬ ಅಂಜಿಕೆ ಮೊದಲ ದಿನವೇ ಹತ್ತುತ್ತದೆ. ಎಷ್ಟೋ ಮಂದಿ ಆ ಅಂಜಿಕೆಯಲ್ಲೇ ಹಿಂದಿನ ಬೆಂಚಿಗೆ ಸರಿಯುತ್ತಾರೆ. ಆ ಅಂಜಿಕೆಯ ಬುಡಕ್ಕೆ ಕೊಡಲಿ ಬೀಳುವುದು ಇಲ್ಲಿ. ಪ್ರೊಸೆಸರಿಗೆ ಇಂಗ್ಲಿಷ್ ಬಾರದು. 128 ಎಂಬ ಅಂಕೆಗೆ ಎಡಿಡಿ ಎಂದು ಹೆಸರಿಟ್ಟವರು ಇಂಗ್ಲಿಷ್ ಬಲ್ಲ ಮನುಷ್ಯರು. "ಕೂಡು" ಎಂದಿಟ್ಟಿದ್ದರೂ ಯಂತ್ರ ಅದೇ ಕೆಲಸವನ್ನು ಅಷ್ಟೇ ವೇಗದಲ್ಲಿ ಮಾಡುತ್ತಿತ್ತು. ಮೊದಮೊದಲು ಹೀಗೆ ಹೆಸರಿಟ್ಟವರ ಚರಿತ್ರೆಯನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನ ಕ್ಯಾಥ್ಲೀನ್ ಬೂತ್ ಅವರು 1947 ರಲ್ಲಿಯೇ ಈ ದಾರಿಯನ್ನು ತೆರೆದರು. 1949 ರ ಮೇ 6 ರಂದು ಕೇಂಬ್ರಿಜ್ಜಿನಲ್ಲಿ ಮಾರಿಸ್ ವಿಲ್ಕ್ಸ್ ಅವರ ಎಡ್‌ಸ್ಯಾಕ್ ಯಂತ್ರ ಮೊದಲ ಲೆಕ್ಕವನ್ನು ಮಾಡಿತು. ಅದಕ್ಕೆ ಆಜ್ಞೆಗಳನ್ನು ಒಂದೊಂದೇ ಅಕ್ಷರದಲ್ಲಿ ಬರೆಯುತ್ತಿದ್ದರು. ಕೂಡುವುದಕ್ಕೆ ಎ, ಕಳೆಯುವುದಕ್ಕೆ ಎಸ್. ಆ ಅಕ್ಷರಗಳನ್ನು ಓದಿ ಯಂತ್ರದ ಅಂಕೆಗಳಾಗಿ ಜೋಡಿಸುವ ಚಿಕ್ಕ ಪ್ರೋಗ್ರಾಮನ್ನು ಬರೆದ ಡೇವಿಡ್ ವ್ಹೀಲರ್ ಆಗ ಇನ್ನೂ ವಿದ್ಯಾರ್ಥಿ. ಅದರಲ್ಲಿದ್ದುದು ಕೇವಲ 31 ಆಜ್ಞೆಗಳು.

ಹೀಗಿರುವಾಗ "ತುಂಬು, ಕೂಡು, ಕಳೆ, ಹೋಗು, ನಿಲ್ಲು" ಎಂದು ಕನ್ನಡದಲ್ಲಿ ಬರೆದುದನ್ನು ಅಂಕೆಗಳಾಗಿ ಇಳಿಸುವ ಅಸೆಂಬ್ಲರೊಂದನ್ನು ಕಟ್ಟುವುದು ಯಾವ ಮಹತ್ಕಾರ್ಯ? ಕನ್ನಡದ ಅಕ್ಷರಗಳು 1991 ರಿಂದ ಯೂನಿಕೋಡಿನಲ್ಲಿವೆ. ಎರಡನೆಯ ವರ್ಷದ ವಿದ್ಯಾರ್ಥಿಗಳಿಬ್ಬರು ಮನಸ್ಸಿಟ್ಟರೆ ಒಂದು ಬೇಸಗೆಯ ರಜೆಯಲ್ಲಿ ಮುಗಿಯುವ ಕೆಲಸ. ಇಂಗ್ಲಿಷಿನ ಹೆಸರುಗಳನ್ನು ಕಲಿಯಲೇಬಾರದೆಂದು ಇದರ ಅರ್ಥವಲ್ಲ. ಇಂಟೆಲಿನ ಪುಸ್ತಕವನ್ನು ತೆರೆಯುವ ದಿನ ಅವು ಬೇಕೇಬೇಕು, ಅರ್ಥ ತಿಳಿದವನಿಗೆ ಅವು ಎರಡು ದಿನದ ಪಾಠ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ 1985 ರಲ್ಲಿ ಬೆಂಗಳೂರಿನಲ್ಲಿ ತನ್ನ ಕೇಂದ್ರವನ್ನು ತೆರೆದಂದಿನಿಂದ ಪ್ರೊಸೆಸರುಗಳ ನಕಾಸೆಯ ಕೆಲಸ ಆ ನಗರದಲ್ಲಿ ಬೆಳೆಯುತ್ತಲೇ ಬಂದಿದೆ. ಆ ಕಟ್ಟಡಗಳಿಂದ ಕೂಗಳತೆಯ ದೂರದಲ್ಲಿರುವ ಕನ್ನಡ ಶಾಲೆಯ ಮಗುವಿಗೆ ಅಲ್ಲಿ ನಡೆಯುವ ಕೆಲಸದ ಮೊದಲಕ್ಷರವನ್ನು ಅದರ ಮನೆಮಾತಿನಲ್ಲಿ ಹೇಳಿಕೊಡುವುದಕ್ಕೆ ಅಡ್ಡಿಯಾಗಿರುವುದು ಮನಸ್ಸಿಲ್ಲದಿರುವುದೊಂದೇ.

ಇದಕ್ಕೆ ಹಣ ಬೇಕೆಂಬ ನೆವವೂ ನಡೆಯದು. ಮೊದಲ ಹದಿನೈದು ದಿನ ಕಂಪ್ಯೂಟರೇ ಬೇಡ. ಕರಿಹಲಗೆಯ ಮೇಲೆ ಏಳು ಡಬ್ಬಿಗಳನ್ನೂ ಇಪ್ಪತ್ತು ಕೋಣೆಗಳನ್ನೂ ಬರೆದು, ಒಬ್ಬ ಹುಡುಗನನ್ನು ಯಂತ್ರವಾಗಿ ನಿಲ್ಲಿಸಿ, ಕೋಣೆಯಲ್ಲಿರುವುದನ್ನು ಮಾತ್ರ ಮಾಡಬೇಕು, ತನ್ನ ಬುದ್ಧಿಯನ್ನು ಉಪಯೋಗಿಸಕೂಡದು ಎಂದು ಕಟ್ಟುಮಾಡಿದರೆ ಪಾಠ ನಡೆಯುತ್ತದೆ. 8085 ಕ್ಕೆ ಗುಣಾಕಾರ ಬಾರದು. ಕೂಡಿ ಕೂಡಿಯೇ ಗುಣಿಸಬೇಕು. ಎಯಲ್ಲಿ 0, ಬಿಯಲ್ಲಿ 7, ಸಿಯಲ್ಲಿ 6. ಬಿಯನ್ನು ಎಗೆ ಕೂಡು, ಸಿಯಲ್ಲಿ ಒಂದನ್ನು ಕಳೆ, ಸಿ ಸೊನ್ನೆಯಾಗಿರದಿದ್ದರೆ ಮತ್ತೆ ಕೂಡುವ ಕಡೆಗೆ ಹೋಗು, ಆಗಿದ್ದರೆ ನಿಲ್ಲು. ಆರು ಸುತ್ತು ಸುತ್ತಿ ಹುಡುಗನು 42 ರಲ್ಲಿ ನಿಲ್ಲುತ್ತಾನೆ, ತರಗತಿ ಚಪ್ಪಾಳೆ ತಟ್ಟುತ್ತದೆ. ಆಮೇಲೆ ಮೇಷ್ಟರು ಸಿಯಲ್ಲಿರುವ 6 ನ್ನು ಅಳಿಸಿ 0 ಬರೆದು ಮತ್ತೆ ಹೊರಡಿಸಬೇಕು. ಹುಡುಗನು ಮೊದಲು ಕೂಡುತ್ತಾನೆ, ಎಯಲ್ಲಿ 7. ಸೊನ್ನೆಯಿಂದ ಒಂದನ್ನು ಕಳೆಯಬೇಕು, ಡಬ್ಬಿಯಲ್ಲಿ ಋಣವೆಂಬುದಿಲ್ಲ, ಅದು ಹಿಂದಕ್ಕೆ ತಿರುಗಿ 255 ಆಗುತ್ತದೆ. 255 ಸೊನ್ನೆಯಲ್ಲ, ಮತ್ತೆ ಕೂಡು. ಹೀಗೆ 256 ಸುತ್ತುಗಳು. ಕೊನೆಗೆ ಎಯಲ್ಲಿ ಉಳಿಯುವುದು, 1792 ರಿಂದ 256 ರ ಏಳು ಮಡಿಗಳು ಉಕ್ಕಿಹೋದಮೇಲೆ, ಸೊನ್ನೆ. ಏಳನ್ನು ಸೊನ್ನೆಯಿಂದ ಗುಣಿಸಿದರೆ ಸೊನ್ನೆ. ಉತ್ತರ ಸರಿಯಾಗಿದೆ, ದಾರಿಯೆಲ್ಲ ತಪ್ಪು! ರೆಕಾರ್ಡ್ ಪುಸ್ತಕದಲ್ಲಿ ಇದಕ್ಕೆ ಪೂರ್ಣ ಅಂಕ ಸಿಕ್ಕುತ್ತಿತ್ತು. ಕರಿಹಲಗೆಯ ಮುಂದೆ ನಿಂತ ಹುಡುಗನು ಇಪ್ಪತ್ತನೆಯ ಸುತ್ತಿನಲ್ಲೇ ಸೀಮೆಸುಣ್ಣವನ್ನು ಕೆಳಗಿಟ್ಟು, "ಇದರಲ್ಲಿ ಏನೋ ಇದೆ ಮೇಷ್ಟ್ರೇ, ಕೂಡುವುದಕ್ಕೆ ಮುಂಚೆ ಸಿಯನ್ನು ಒಂದು ಸಲ ನೋಡಬೇಕಾಗಿತ್ತು" ಎನ್ನುತ್ತಾನೆ.